ಅಯೋವಾ 2020: ಆ್ಯಪ್ ಕೈಕೊಡುವ ಮೊದಲೇ ತಪ್ಪಿದ್ದ ಲೆಕ್ಕ

ಅಯೋವಾದಲ್ಲಿ ಫಲಿತಾಂಶ ಕಳಿಸುವ ಆ್ಯಪ್ ಕೈಕೊಟ್ಟಿತು ಎಂಬುದಷ್ಟೇ ಹೆಚ್ಚಿನವರ ನೆನಪಿನಲ್ಲಿ ಉಳಿದಿದೆ. 2020ರ ಫೆಬ್ರುವರಿ 3ರ ಸೋಮವಾರ ಸಂಜೆ ಅಮೆರಿಕದ ಆ ರಾಜ್ಯದ ಡೆಮಾಕ್ರಟಿಕ್ ಮತದಾರರು ಶಾಲೆ, ಚರ್ಚು, ಗ್ರಂಥಾಲಯ, ಕಾರ್ಮಿಕ ಭವನಗಳಲ್ಲಿ ‘ಕಾಕಸ್’ ಎಂಬ ಪಕ್ಷದ ಸಭೆಗೆ ಸೇರಿದರು. ಅಧ್ಯಕ್ಷ ಹುದ್ದೆಗೆ ತಮ್ಮ ಪಕ್ಷದಿಂದ ಯಾರು ಸ್ಪರ್ಧಿಸಬೇಕು ಎಂದು ಆಗ ದೇಶದಲ್ಲೇ ಮೊದಲು ಹೇಳುತ್ತಿದ್ದವರು ಅವರು. ಅದೇ ರಾತ್ರಿ ಬರಬೇಕಿದ್ದ ಫಲಿತಾಂಶ ಮರುದಿನ ಸಂಜೆ ಬಂತು, ಅದೂ ಶೇ 62ರಷ್ಟು ಬೂತ್‌ಗಳದ್ದು ಮಾತ್ರ. ಎಲ್ಲ ಬೂತ್‌ಗಳ ಅಂಕಿ ಸೇರುವಾಗ ಗುರುವಾರ ರಾತ್ರಿಯಾಗಿತ್ತು. ಗೆದ್ದವರು ಯಾರೆಂದು ಘೋಷಿಸಲು ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಕೊನೆಗೂ ಒಪ್ಪಲಿಲ್ಲ.

ಆ್ಯಪ್‌ನ ಮೇಲೆ ಹೊರಿಸಿದ ದೋಷದಲ್ಲಿ ಸುಳ್ಳೇನೂ ಇಲ್ಲ. ಆದರೆ ಆ ಆ್ಯಪ್ ಹೊತ್ತು ತರಬೇಕಿದ್ದ ಸಂಖ್ಯೆಗಳು ಎಂಥವು ಎಂದು ವಿಚಾರಿಸಿದವರು ಕಡಿಮೆ. ಪ್ರಕರಣದ ಗಂಟು ಅಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಡೆಮಾಕ್ರಟಿಕ್ ಕಾಕಸ್ ಎಂಬುದು ಯಾರಿಗೆ ಎಷ್ಟು ಮತ ಬಿತ್ತೆಂದು ಹೊರಗೆ ಹೇಳುವ ಪದ್ಧತಿಯೇ ಆಗಿರಲಿಲ್ಲ. ತಲೆಲೆಕ್ಕ ಕೊಡಿ ಎಂದು ಮತದಾರರು ಪಟ್ಟು ಹಿಡಿದ ಮೇಲೆ ನಡೆದ ಮೊದಲ ಸ್ಪರ್ಧೆಯಲ್ಲೇ ಅದು ಕುಸಿಯಿತು.

ಟಿಕೆಟ್ ಎಂದರೆ ಹೈಕಮಾಂಡ್, ಹೈಕಮಾಂಡ್ ಎಂದರೆ ಬಿ ಫಾರಂ ಎಂದು ತಿಳಿದು ಬೆಳೆದ ನಮಗೆ ಈ ಇಡೀ ವ್ಯವಹಾರ ವಿಚಿತ್ರವಾಗಿ ಕಾಣುವುದು ಸಹಜ. 2014ರ ಲೋಕಸಭಾ ಚುನಾವಣೆಗೆ ಮುನ್ನ ರಾಹುಲ್ ಗಾಂಧಿಯವರ ಒತ್ತಾಸೆಯಿಂದ ಕಾಂಗ್ರೆಸ್ ಕೆಲವೇ ಕ್ಷೇತ್ರಗಳಲ್ಲಿ ಅಭ್ಯರ್ಥಿ ಆಯ್ಕೆಗೆ ಒಳ ಚುನಾವಣೆ ನಡೆಸಿತ್ತು. ಕರ್ನಾಟಕದಲ್ಲಿ ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡ ಆ ಪಟ್ಟಿಯಲ್ಲಿದ್ದವು. ಒಳ ಚುನಾವಣೆಯಲ್ಲಿ ಗೆದ್ದ ಸಿ. ನಾರಾಯಣಸ್ವಾಮಿ ಮತ್ತು ಬಿ. ಜನಾರ್ದನ ಪೂಜಾರಿ ಇಬ್ಬರೂ ನಿಜವಾದ ಚುನಾವಣೆಯಲ್ಲಿ ಸೋತರು. ಅಲ್ಲಿ ಮತ ಹಾಕಿದವರು ಪಕ್ಷದ ಪದಾಧಿಕಾರಿಗಳು ಮತ್ತು ಕಾರ್ಯಕರ್ತರು. ಅಯೋವಾದಲ್ಲಿ ಹಾಗಲ್ಲ. ತಾನು ಡೆಮಾಕ್ರಟ್ ಎಂದು ನೋಂದಾಯಿಸಿಕೊಂಡ ಯಾವ ಮತದಾರನಾದರೂ ಬರಬಹುದು, ಬಾಗಿಲಲ್ಲೇ ನಿಂತು ನೋಂದಾಯಿಸಿಕೊಳ್ಳಬಹುದು. ನವೆಂಬರ್ ಚುನಾವಣೆಯ ಹೊತ್ತಿಗೆ 18 ತುಂಬುವ 17ರ ಹರೆಯದವರಿಗೂ ಅವಕಾಶವಿದೆ.

ಕೋಣೆಯೊಳಗಿನ ಗಣಿತ

ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ನಡೆಯುವುದು ಪ್ರೈಮರಿ. ಸರ್ಕಾರವೇ ನಡೆಸುವ, ದಿನವಿಡೀ ತೆರೆದಿರುವ, ಗುಪ್ತ ಮತದಾನ ಅದು. ಕಾಕಸ್ ಎಂದರೆ ಪಕ್ಷ ಕರೆದ ಸಭೆ. 2020ರವರೆಗೆ ಅಯೋವಾದ ಡೆಮಾಕ್ರಟರಲ್ಲಿ ಇದ್ದ ಕ್ರಮ ಹೀಗೆ. ಸಂಜೆ 7 ಗಂಟೆಗೆ ಸಾಲಿನಲ್ಲಿ ಇರಬೇಕು, ಒಂದೆರಡು ಗಂಟೆ ಕೂರಬೇಕು, ತಾನು ಯಾರ ಪರ ಎಂಬುದನ್ನು ಊರವರ ಎದುರಿಗೇ ತೋರಿಸಬೇಕು. ಒಬ್ಬೊಬ್ಬ ಅಭ್ಯರ್ಥಿಗೆ ಕೋಣೆಯ ಒಂದೊಂದು ಮೂಲೆ. ಬೆಂಬಲಿಗರು ಅಲ್ಲಿಗೆ ಹೋಗಿ ನಿಲ್ಲುತ್ತಾರೆ. ಒಟ್ಟು ಹಾಜರಾತಿಯ ಶೇ 15ರಷ್ಟು ಜನ ಸೇರದ ಗುಂಪು ಉಳಿಯುವುದಿಲ್ಲ. ಅದರವರು ಬೇರೆ ಗುಂಪಿಗೆ ಹೋಗಬೇಕು, ಬೇರೆಯವರನ್ನು ಕರೆತಂದು ತಮ್ಮ ಗುಂಪನ್ನು ಉಳಿಸಿಕೊಳ್ಳಬೇಕು, ಇಲ್ಲವೇ ಮನೆಗೆ ಹೋಗಬೇಕು. ಕೊನೆಯ ಗುಂಪುಗಳ ಗಾತ್ರ ನೋಡಿ ಮೇಲಿನ ಹಂತದ ಸಮ್ಮೇಳನಕ್ಕೆ ಕಳಿಸಲು ಆ ಬೂತ್‌ಗೆ ನಿಗದಿಯಾದ ಪ್ರತಿನಿಧಿ ಸ್ಥಾನಗಳನ್ನು ಹಂಚುತ್ತಾರೆ. ಸಣ್ಣ ಬೂತ್‌ಗಳಲ್ಲಿ ಶೇ 15ರ ಬದಲು ಬೇರೆ ಮಿತಿಗಳಿವೆ, ಅದನ್ನು ಇಲ್ಲಿ ಬಿಡೋಣ.

ಹೇಳಿದಷ್ಟು ಸುಲಭವಲ್ಲ ಎಂದು ತಿಳಿಯಲು ಒಂದು ಕಲ್ಪಿತ ಕೋಣೆಯ ಲೆಕ್ಕ ಹಾಕಿ ನೋಡಬಹುದು. ನೂರು ಜನ, ಐದು ಸ್ಥಾನ. ಮೊದಲ ಸುತ್ತಿನಲ್ಲಿ ‘ಕ’ ಎಂಬ ಅಭ್ಯರ್ಥಿಗೆ 34, ‘ಚ’ಗೆ 26, ‘ಟ’ಗೆ 17, ‘ತ’ಗೆ 13, ‘ಪ’ಗೆ 10. ಮಿತಿ 15. ‘ತ’ ಮತ್ತು ‘ಪ’ ಎರಡೂ ಉಳಿಯುವುದಿಲ್ಲ. ‘ಪ’ ಗುಂಪಿನ ಎಂಟು ಜನ ‘ಚ’ ಕಡೆಗೆ ಹೋದರು, ಇಬ್ಬರು ‘ತ’ ಕಡೆಗೆ ಹೋಗಿ ಅದನ್ನು 15ಕ್ಕೆ ಮುಟ್ಟಿಸಿದರು. ಈಗ 34, 34, 17, 15. ಪ್ರತಿ ಗುಂಪಿನ ತಲೆಗಳನ್ನು ಐದರಿಂದ ಗುಣಿಸಿ ನೂರರಿಂದ ಭಾಗಿಸಿದರೆ 1.7, 1.7, 0.85, 0.75. ಹತ್ತಿರದ ಪೂರ್ಣಾಂಕಕ್ಕೆ ತಂದರೆ 2, 2, 1, 1. ಒಟ್ಟು ಆರಾಯಿತು, ಇರುವುದು ಐದೇ ಸ್ಥಾನ. ನಿಯಮದ ಪ್ರಕಾರ ಇರುವ ಒಂದೇ ಸ್ಥಾನವನ್ನು ಯಾರಿಂದಲೂ ಕಿತ್ತುಕೊಳ್ಳುವಂತಿಲ್ಲ. ಹಾಗಾಗಿ ‘ಕ’ ಅಥವಾ ‘ಚ’ ಒಂದನ್ನು ಬಿಟ್ಟುಕೊಡಬೇಕು. ಇಬ್ಬರದ್ದೂ ಸಮ. ನಾಣ್ಯ ಚಿಮ್ಮಿಸಬೇಕು. ಮೊದಲ ಸುತ್ತಿನಲ್ಲಿ ಎಂಟು ಮತ ಮುಂದಿದ್ದ ‘ಕ’ ನಾಣ್ಯ ಮಗುಚಿ ಬಿದ್ದರೆ ಒಂದು ಸ್ಥಾನಕ್ಕಿಳಿದು, 15 ಜನರ ‘ತ’ ಗುಂಪಿನ ಜೊತೆ ಸಮನಾಗಿ ಕೂರುತ್ತಾನೆ.

ಈ ಲೆಕ್ಕವನ್ನು ರಾತ್ರಿ ಒಂಬತ್ತರ ಹೊತ್ತಿಗೆ, ಕಾಗದದ ಹಾಳೆ ಮತ್ತು ಕ್ಯಾಲ್ಕುಲೇಟರ್ ಇಟ್ಟುಕೊಂಡು, ಗದ್ದಲದ ನಡುವೆ ಮಾಡುವವರು ಸಂಬಳವಿಲ್ಲದ ಸ್ವಯಂಸೇವಕರು. 1,700ಕ್ಕೂ ಹೆಚ್ಚು ಕಡೆ ಹೀಗೆ ನಡೆಯಬೇಕು. ಎಲ್ಲ ಕಡೆಯೂ ಸರಿಯಾಗಿಯೇ ಬರುತ್ತದೆ ಎಂದು ನಂಬಿದವರ ಧೈರ್ಯವನ್ನು ಮೆಚ್ಚಬೇಕು.

ಇಷ್ಟು ಕಾಲ ಇದು ನಡೆದುಕೊಂಡು ಬಂದದ್ದು ಹೇಗೆ? ಹೊರಗೆ ಹೋಗುತ್ತಿದ್ದುದು ಒಂದೇ ಸಂಖ್ಯೆ ಎಂಬುದೇ ಅದಕ್ಕೆ ಉತ್ತರ. ಬೂತ್‌ನಲ್ಲಿ ಆರಿಸಿದವರು ಕೌಂಟಿ ಸಮ್ಮೇಳನಕ್ಕೆ, ಅಲ್ಲಿಂದ ಜಿಲ್ಲೆಗೆ, ಅಲ್ಲಿಂದ ರಾಜ್ಯ ಸಮ್ಮೇಳನಕ್ಕೆ ಹೋಗುವ ಏಣಿಯದು. ರಾತ್ರಿ ಪತ್ರಿಕೆಗಳಿಗೆ ಕೊಡುತ್ತಿದ್ದುದು ‘ರಾಜ್ಯ ಪ್ರತಿನಿಧಿ ಸಮಾನಾಂಕ’ ಎಂಬ ದಶಮಾಂಶದ ಲೆಕ್ಕ, ಅಂದರೆ ಬೂತ್‌ನಲ್ಲಿ ಸಿಕ್ಕ ಸ್ಥಾನಗಳು ರಾಜ್ಯ ಸಮ್ಮೇಳನದ ಎಷ್ಟು ಪ್ರತಿನಿಧಿಗಳಿಗೆ ಸಮ ಎಂಬುದು. ಆ ಕೋಣೆಯಲ್ಲಿ ಎಷ್ಟು ತಲೆಗಳಿದ್ದವು, ಮೊದಲ ಸುತ್ತಿನಲ್ಲಿ ಯಾರು ಎಲ್ಲಿ ನಿಂತಿದ್ದರು ಎಂಬುದು ಕೋಣೆಯೊಳಗೇ ಉಳಿಯುತ್ತಿತ್ತು. ಹಾಳೆಯಲ್ಲಿ ಕೂಡುವ ತಪ್ಪಿದ್ದರೂ ಅದನ್ನು ಹಿಡಿಯಲು ಹೊರಗಿನವರ ಬಳಿ ಏನೂ ಇರಲಿಲ್ಲ.

ಈ ಏಣಿಯೇ ಅಯೋವಾವನ್ನು ಮೊದಲ ರಾಜ್ಯವನ್ನಾಗಿ ಮಾಡಿದ್ದು. 1968ರಲ್ಲಿ ಒಂದೂ ಪ್ರೈಮರಿಯಲ್ಲಿ ಸ್ಪರ್ಧಿಸದ ಹ್ಯೂಬರ್ಟ್ ಹಂಫ್ರಿ ಅವರನ್ನು ಶಿಕಾಗೊ ಸಮ್ಮೇಳನದಲ್ಲಿ ನಾಯಕರು ಅಭ್ಯರ್ಥಿ ಮಾಡಿದಾಗ ಒಳಗೆ ಕೂಗಾಟ, ಹೊರಗೆ ಪೊಲೀಸರ ಲಾಠಿ. ಆಮೇಲೆ ಬಂದ ಸುಧಾರಣೆಗಳಿಗೆ ತಕ್ಕಂತೆ ಅಯೋವಾದವರು ಪ್ರತಿ ಮೆಟ್ಟಿಲಿನ ನಡುವೆ 30 ದಿನ ಇರಬೇಕೆಂದು ನಿಯಮ ಮಾಡಿಕೊಂಡರು. ರಾಜ್ಯ ಸಮ್ಮೇಳನದಿಂದ ಹಿಂದಕ್ಕೆ ಎಣಿಸುತ್ತ ಹೋದಾಗ 1972ರ ಕಾಕಸ್ ಜನವರಿ 24ಕ್ಕೆ ಬಂದು ನಿಂತಿತು. ಪಕ್ಷದ ಕಚೇರಿಯ ಸೈಕ್ಲೋಸ್ಟೈಲ್ ಯಂತ್ರ ನಿಧಾನವಾಗಿದ್ದುದರಿಂದ ಕಾಗದಪತ್ರ ಸಿದ್ಧಪಡಿಸಲು ಅಷ್ಟು ದಿನ ಬೇಕಿತ್ತು ಎಂಬ ಕಾರಣವನ್ನೂ ಅಲ್ಲಿಯವರು ಸೇರಿಸಿ ಹೇಳುತ್ತಾರೆ. ಮೊದಲು ಬರಬೇಕೆಂದು ಯಾರೂ ಯೋಜಿಸಿರಲಿಲ್ಲ. ನಾಲ್ಕು ವರ್ಷದ ನಂತರ ಜಿಮ್ಮಿ ಕಾರ್ಟರ್ ಅಲ್ಲಿ ಶೇ 28ರ ಆಸುಪಾಸು ಪಡೆದು ದೇಶಕ್ಕೆಲ್ಲ ಪರಿಚಿತರಾದರು. ಅಂದು ಅವರಿಗಿಂತ ಮುಂದಿದ್ದವರು ‘ಇನ್ನೂ ತೀರ್ಮಾನಿಸಿಲ್ಲ’ ಎಂದು ನಿಂತವರ ಗುಂಪು. ಅದನ್ನು ಯಾರೂ ಗೆಲುವು ಎಂದು ಬರೆಯಲಿಲ್ಲ!

ಲೆಕ್ಕ ತೋರಿಸಿ ಎಂದವರು

2016ರಲ್ಲಿ ಹಿಲರಿ ಕ್ಲಿಂಟನ್ ಮತ್ತು ಬರ್ನಿ ಸ್ಯಾಂಡರ್ಸ್ ನಡುವಿನ ಅಂತರ ಶೇ 49.8ಕ್ಕೆ ಶೇ 49.6. ಇದು ಮತಗಳ ಶೇಕಡಾವಾರು ಅಲ್ಲ, ಮೇಲೆ ಹೇಳಿದ ಸಮಾನಾಂಕದ್ದು. ಕೋಣೆಗಳಲ್ಲಿ ಯಾರ ಕಡೆ ಹೆಚ್ಚು ಜನ ನಿಂತಿದ್ದರು ಎಂದು ಸ್ಯಾಂಡರ್ಸ್ ಬೆಂಬಲಿಗರು ಕೇಳಿದರು. ಉತ್ತರ ಸಿಗಲಿಲ್ಲ. ಕೆಲವು ಬೂತ್‌ಗಳಲ್ಲಿ ನಾಣ್ಯ ಚಿಮ್ಮಿಸಿದ ವಿಡಿಯೊಗಳು ಹರಿದಾಡಿದವು. ರಾಜ್ಯದ ದೊಡ್ಡ ಪತ್ರಿಕೆ ‘ಡೆ ಮಾಯಿನ್ ರಿಜಿಸ್ಟರ್’ ತನ್ನ ಸಂಪಾದಕೀಯದಲ್ಲಿ ಏನೋ ನಾತ ಹೊಡೆಯುತ್ತಿದೆ ಎಂದು ಬರೆದು, ಪೂರ್ಣ ತಪಾಸಣೆಗೆ ಒತ್ತಾಯಿಸಿತು.

ರಿಪಬ್ಲಿಕನ್ನರ ಪದ್ಧತಿ ಸರಳ, ಅವರದು ಚೀಟಿಯಲ್ಲಿ ಬರೆದು ಹಾಕುವ ಮತ. ಅವರೂ 2012ರಲ್ಲಿ ಎಡವಿದ್ದರು. ಮಿಟ್ ರಾಮ್ನಿ ಎಂಟು ಮತಗಳಿಂದ ಮುಂದೆ ಎಂದು ಅಂದು ರಾತ್ರಿ ಹೇಳಿ, ಎರಡು ವಾರದ ಮೇಲೆ ರಿಕ್ ಸ್ಯಾಂಟೋರಮ್ 34 ಮತಗಳಿಂದ ಮುಂದೆ ಎಂದರು. ಎಂಟು ಬೂತ್‌ಗಳ ಲೆಕ್ಕ ಸಿಗಲೇ ಇಲ್ಲ.

2016ರ ಸಿಟ್ಟಿನ ಫಲವಾಗಿ ಡೆಮಾಕ್ರಟಿಕ್ ಪಕ್ಷದ ರಾಷ್ಟ್ರೀಯ ಸಮಿತಿ ನಿಯಮ ಬದಲಿಸಿತು. 2020ರಲ್ಲಿ ಪ್ರತಿ ಬೂತ್‌ನಿಂದ ಮೂರು ಲೆಕ್ಕ ಬರಬೇಕು: ಮೊದಲ ಸುತ್ತಿನ ತಲೆಗಳು, ಕೊನೆಯ ಸುತ್ತಿನ ತಲೆಗಳು, ಪ್ರತಿನಿಧಿ ಸಮಾನಾಂಕ. ಜೊತೆಗೆ ಪ್ರತಿಯೊಬ್ಬರೂ ತಮ್ಮ ಆಯ್ಕೆಯನ್ನು ಒಂದು ಕಾರ್ಡಿನಲ್ಲಿ ಬರೆದು ಸಹಿ ಮಾಡಬೇಕು. ಅದಕ್ಕಿಂತ ಮುಖ್ಯವಾಗಿ, ಬರಲಾಗದವರಿಗೂ ದಾರಿ ಇರಬೇಕು. ಅಯೋವಾದವರು ಫೋನ್ ಮೂಲಕ ಭಾಗವಹಿಸುವ ವ್ಯವಸ್ಥೆಯನ್ನು ಮುಂದಿಟ್ಟರು. ಹ್ಯಾಕಿಂಗ್ ಭಯದಿಂದ ರಾಷ್ಟ್ರೀಯ ಸಮಿತಿ ಅದನ್ನು 2019ರಲ್ಲಿ ತಳ್ಳಿಹಾಕಿತು.

ಇಷ್ಟೆಲ್ಲ ತೊಡಕಿದ್ದರೆ ಸೀದಾ ಪ್ರೈಮರಿ ನಡೆಸಬಾರದೇ ಎಂದು ಯಾರಿಗಾದರೂ ಅನ್ನಿಸುತ್ತದೆ. ನೆರೆಹೊರೆಯೂ ಅಲ್ಲದ ನ್ಯೂ ಹ್ಯಾಂಪ್‌ಶೈರ್ ರಾಜ್ಯ ಅದಕ್ಕೆ ಅಡ್ಡ ನಿಂತಿದೆ. ಬೇರೆ ಯಾವುದೇ ರಾಜ್ಯದ ಅಂಥದೇ ಚುನಾವಣೆಗಿಂತ ಕನಿಷ್ಠ ಏಳು ದಿನ ಮೊದಲು ತನ್ನ ಪ್ರೈಮರಿ ನಡೆಯಬೇಕು ಎಂದು ಅಲ್ಲಿನ ಕಾನೂನೇ ಹೇಳುತ್ತದೆ. ಅಯೋವಾದ್ದು ‘ಚುನಾವಣೆ’ಯಂತೆ ಕಾಣದಿದ್ದರೆ ಮಾತ್ರ ಇಬ್ಬರಿಗೂ ಮೊದಲ ಸ್ಥಾನ. ಹಾಗಾಗಿ ಮತಪತ್ರ ಬೇಡ, ಕಾಕಸ್ ಇರಲಿ. ಆದರೆ ಚುನಾವಣೆಯಷ್ಟೇ ನಿಖರವಾದ ಲೆಕ್ಕ ಕೊಡಿ ಎಂಬ ಒತ್ತಡ. ಕಾಕಸ್‌ನ ಮೈಗೆ ಪ್ರೈಮರಿಯ ಅಂಗಿ ತೊಡಿಸುವ ಈ ಪ್ರಯತ್ನದಲ್ಲಿ ಎಲ್ಲೋ ಒಂದು ಕಡೆ ಹೊಲಿಗೆ ಬಿಚ್ಚಲೇಬೇಕಿತ್ತು.

ಆ ರಾತ್ರಿ

ಶಕುನ ಎರಡು ದಿನ ಮೊದಲೇ ಆಗಿತ್ತು. ಶನಿವಾರ ರಾತ್ರಿ ಪ್ರಕಟವಾಗಬೇಕಿದ್ದ ರಿಜಿಸ್ಟರ್ ಪತ್ರಿಕೆಯ ಪ್ರಸಿದ್ಧ ಸಮೀಕ್ಷೆಯನ್ನು ಕೊನೆ ಗಳಿಗೆಯಲ್ಲಿ ಹಿಂತೆಗೆದುಕೊಂಡರು. ಫೋನ್ ಮಾಡಿದವರು ಅಭ್ಯರ್ಥಿಗಳ ಪಟ್ಟಿಯಲ್ಲಿ ಪೀಟ್ ಬುಟಿಜೆಜ್ ಹೆಸರು ಓದಲಿಲ್ಲ ಎಂದು ಒಬ್ಬರು ದೂರು ಕೊಟ್ಟಿದ್ದರು. ಕರೆ ಕೇಂದ್ರದಲ್ಲಿ ಯಾರೋ ಪರದೆಯ ಅಕ್ಷರ ದೊಡ್ಡದು ಮಾಡಿಕೊಂಡದ್ದರಿಂದ ಪಟ್ಟಿಯ ಕೊನೆಯ ಹೆಸರು ಕೆಳಗೆ ಜಾರಿತ್ತಂತೆ. ಇಡೀ ದೇಶ ಕಾಯುತ್ತಿದ್ದ ಸಮೀಕ್ಷೆ ಅಕ್ಷರದ ಗಾತ್ರಕ್ಕೆ ಬಲಿಯಾಯಿತು.

ಸೋಮವಾರ ಬೂತ್ ಮುಖ್ಯಸ್ಥರು ಫಲಿತಾಂಶ ಕಳಿಸಬೇಕಿದ್ದ ಆ್ಯಪ್ ಶ್ಯಾಡೋ ಎಂಬ ಸಣ್ಣ ಸಂಸ್ಥೆಯದು. ರಾಜ್ಯ ಪಕ್ಷ ಅದಕ್ಕೆ 60 ಸಾವಿರ ಡಾಲರ್‌ಗೂ ಹೆಚ್ಚು ಕೊಟ್ಟಿತ್ತು. ಸಾಮಾನ್ಯ ಆ್ಯಪ್ ಅಂಗಡಿಯಲ್ಲಿ ಅದು ಸಿಗುತ್ತಿರಲಿಲ್ಲ. ಪರೀಕ್ಷಾ ಆವೃತ್ತಿಗಳನ್ನು ಹಂಚುವ ವೇದಿಕೆಯಿಂದ ಇಳಿಸಿಕೊಳ್ಳಬೇಕಿತ್ತು, ಪಿನ್ ಹಾಕಬೇಕಿತ್ತು, ಮತ್ತೊಂದು ಸಂಕೇತವನ್ನೂ ನಮೂದಿಸಬೇಕಿತ್ತು. ಅನೇಕರಿಗೆ ಒಳಗೆ ಹೋಗಲು ಆಗಲಿಲ್ಲ. ಅನೇಕರು ಪ್ರಯತ್ನವನ್ನೇ ಮಾಡದೆ, ಹಿಂದಿನಂತೆ ಫೋನ್ ಮಾಡಿದರೆ ಆಯಿತು ಎಂದುಕೊಂಡರು. ಎಲ್ಲರೂ ಫೋನಿಗೆ ಬಂದಾಗ ಎತ್ತುವವರು ಸಾಲಲಿಲ್ಲ. ಲೆಕ್ಕದ ಹಾಳೆಗಳ ಫೋಟೊಗಳನ್ನು ಜನ ಜಾಲತಾಣಗಳಲ್ಲಿ ಹಾಕಿದ್ದರು, ಹಾಳೆಯ ಮೇಲೆ ಸಹಾಯವಾಣಿಯ ಸಂಖ್ಯೆ ಇತ್ತು. ಕೀಟಲೆಗಾರರೂ ಅದಕ್ಕೆ ಕರೆ ಮಾಡತೊಡಗಿದರು. ಒಂದು ಗಂಟೆಗೂ ಹೆಚ್ಚು ಕಾದಿದ್ದ ಬೂತ್ ಕಾರ್ಯದರ್ಶಿಯೊಬ್ಬರು ಸಿಎನ್ಎನ್ ನೇರ ಪ್ರಸಾರದಲ್ಲಿ ಮಾತನಾಡುತ್ತಿದ್ದಾಗಲೇ ಸಹಾಯವಾಣಿಯವರು ಎತ್ತಿಕೊಂಡರು. ಅವರು ‘ಒಂದು ನಿಮಿಷ’ ಎಂದು ತಿರುಗುವಷ್ಟರಲ್ಲಿ ಆ ಕಡೆಯವರು ಇಟ್ಟುಬಿಟ್ಟರು.

ಬಂದು ಸೇರಿದ ಅಂಕಿಗಳಲ್ಲೂ ಹೊಂದಾಣಿಕೆ ಇರಲಿಲ್ಲ. ಆ್ಯಪ್‌ನೊಳಗೆ ದಾಖಲಾದದ್ದು ಸರಿಯಿದೆ, ಹೊರಗೆ ಕಳಿಸುವ ಕೋಡ್‌ನಲ್ಲಿ ದೋಷವಿದ್ದು ಅರ್ಧ ಮಾತ್ರ ಬರುತ್ತಿದೆ ಎಂದು ಪಕ್ಷ ವಿವರಿಸಿತು. ವರ್ಷದ ಕೊನೆಗೆ ಬಂದ ತನಿಖಾ ವರದಿ ಬೊಟ್ಟು ಮಾಡಿದ್ದು ಈ ಜಾಗಕ್ಕೇ. ಅಯೋವಾದ ದತ್ತಾಂಶವನ್ನು ತನ್ನ ನಮೂನೆಗೆ ಬದಲಿಸಿ ಕೊಡುವ ಸಾಧನ ಬೇಕೆಂದು ರಾಷ್ಟ್ರೀಯ ಸಮಿತಿ ಕೊನೆಯ ವಾರಗಳಲ್ಲಿ ಒತ್ತಾಯಿಸಿತ್ತು, ದೋಷ ನುಸುಳಿದ್ದು ಆ ಸಾಧನದಲ್ಲಿ. ರಾಜ್ಯ ಪಕ್ಷದ ಸಿದ್ಧತೆಯೂ ಸಾಲದಾಗಿತ್ತು ಎಂದು ಅದೇ ವರದಿ ಹೇಳಿತು. ರಾಜ್ಯಾಧ್ಯಕ್ಷ ಟ್ರಾಯ್ ಪ್ರೈಸ್ ಅಷ್ಟರಲ್ಲಿ, ಫೆಬ್ರುವರಿ 12ರಂದೇ, ರಾಜೀನಾಮೆ ಕೊಟ್ಟಾಗಿತ್ತು.

ಆದರೆ ಆ್ಯಪ್ ನೆಟ್ಟಗೆ ನಡೆದಿದ್ದರೆ ಏನಾಗುತ್ತಿತ್ತು? ಮೂರು ಲೆಕ್ಕಗಳೂ ಹೊರಬಂದ ಮೇಲೆ ಪತ್ರಕರ್ತರು ಕೂತು ತಾಳೆ ಹಾಕಿದರು. ನೂರಕ್ಕೂ ಹೆಚ್ಚು ಬೂತ್‌ಗಳಲ್ಲಿ ಒಂದಕ್ಕೊಂದು ಹೊಂದದ ಅಂಕಿಗಳಿವೆ ಎಂದು ‘ನ್ಯೂಯಾರ್ಕ್ ಟೈಮ್ಸ್’ ಬರೆಯಿತು. ಎಲ್ಲೋ ಕೊನೆಯ ಸುತ್ತಿನಲ್ಲಿ ಮೊದಲ ಸುತ್ತಿಗಿಂತ ಹೆಚ್ಚು ಜನ, ಎಲ್ಲೋ ತಪ್ಪಾಗಿ ಹಂಚಿದ ಸ್ಥಾನ. ಇವು ಯಂತ್ರದ ತಪ್ಪುಗಳಲ್ಲ, ರಾತ್ರಿ ಒಂಬತ್ತರ ಕ್ಯಾಲ್ಕುಲೇಟರ್ ತಪ್ಪುಗಳು. ಹಿಂದಿನ ವರ್ಷಗಳಲ್ಲಿ ಇಂಥವು ಇರಲಿಲ್ಲ ಎಂದು ನಂಬಲು ನನಗೆ ಯಾವ ಕಾರಣವೂ ಕಾಣುವುದಿಲ್ಲ. ತಾಳೆ ಹಾಕಲು ಆಗ ಎರಡನೆಯ ಸಂಖ್ಯೆ ಇರಲಿಲ್ಲ, ಅಷ್ಟೇ.

ಇನ್ನೂ ವಿಚಿತ್ರವಾದದ್ದು ಮುಂದಿದೆ. ತಪ್ಪು ಗೊತ್ತಾದ ಮೇಲೆ ತಿದ್ದಬೇಕಲ್ಲವೇ? ಲೆಕ್ಕದ ಹಾಳೆ ಬೂತ್ ಮುಖ್ಯಸ್ಥರು ಮತ್ತು ಅಭ್ಯರ್ಥಿಗಳ ಕಡೆಯವರು ಸಹಿ ಹಾಕಿದ ದಾಖಲೆ, ಅದರಲ್ಲಿನ ಗಣಿತ ತಪ್ಪಿದ್ದರೂ ಪಕ್ಷ ತಾನಾಗಿ ತಿದ್ದುವಂತಿಲ್ಲ ಎಂದು ಪಕ್ಷದ ವಕೀಲರು ಅಭಿಪ್ರಾಯ ಕೊಟ್ಟರು. ಕಾನೂನಿನ ದೃಷ್ಟಿಯಿಂದ ಅದು ಸರಿಯೇ ಇರಬಹುದು. ಬಯಲಲ್ಲಿ ತಿದ್ದಿದರೆ ಅನುಮಾನ, ತಿದ್ದದಿದ್ದರೆ ತಪ್ಪು. ಸ್ಯಾಂಡರ್ಸ್ ಮತ್ತು ಬುಟಿಜೆಜ್ ತಂಡಗಳ ಕೋರಿಕೆಯ ಮೇಲೆ ಮರುಪರಿಶೀಲನೆ ನಡೆಯಿತು, ಕೆಲವು ಬೂತ್‌ಗಳಲ್ಲಿ ಸಹಿ ಮಾಡಿದ ಕಾರ್ಡುಗಳ ಮರುಎಣಿಕೆಯೂ ಆಯಿತು. ಕೊನೆಗೆ ಸಮಾನಾಂಕದಲ್ಲಿ ಬುಟಿಜೆಜ್‌ಗೆ 562.954, ಸ್ಯಾಂಡರ್ಸ್‌ಗೆ 562.021. ಒಂದು ಸ್ಥಾನಕ್ಕೂ ಕಡಿಮೆ ಅಂತರ. ತಲೆಗಳ ಲೆಕ್ಕದಲ್ಲಿ ಸ್ಯಾಂಡರ್ಸ್ ಮೊದಲ ಸುತ್ತಿನಲ್ಲಿ ಸುಮಾರು 6,000, ಕೊನೆಯ ಸುತ್ತಿನಲ್ಲಿ ಸುಮಾರು 2,500 ಮುಂದೆ. ರಾಷ್ಟ್ರೀಯ ಸಮ್ಮೇಳನದ ಪ್ರತಿನಿಧಿಗಳು ಬುಟಿಜೆಜ್‌ಗೆ 14, ಸ್ಯಾಂಡರ್ಸ್‌ಗೆ 12. ಇಬ್ಬರೂ ತಾವೇ ಗೆದ್ದೆವು ಎಂದರು, ಇಬ್ಬರ ಬಳಿಯೂ ಪಕ್ಷವೇ ಕೊಟ್ಟ ಅಂಕಿ ಇತ್ತು. ನಾಲ್ಕನೆಯವರಾಗಿ ಉಳಿದ ಜೋ ಬೈಡನ್ ಮುಂದೆ ಅಭ್ಯರ್ಥಿಯಾದರು, ಅಧ್ಯಕ್ಷರೂ ಆದರು.

ಮತದಾರರು ಏನೆನ್ನುತ್ತಾರೆ ಎನ್ನುವುದಕ್ಕೆ ಮೊದಲು, ಯಾವ ಮತದಾರರು

ಕಾಕಸ್ ಇಷ್ಟಪಡುವವರ ವಾದ ಪೊಳ್ಳಲ್ಲ. ಮೊದಲ ಆಯ್ಕೆ ಸೋತರೂ ಎರಡನೆಯ ಆಯ್ಕೆಗೆ ಬೆಲೆ ಸಿಗುತ್ತದೆ. ನೆರೆಯವರು ಮುಖ ನೋಡಿ ವಾದ ಮಾಡುತ್ತಾರೆ. ಟಿವಿ ಜಾಹೀರಾತಿಗೆ ಹಣವಿಲ್ಲದ ಅಭ್ಯರ್ಥಿಯೂ ವರ್ಷಗಟ್ಟಲೆ ಊರೂರು ತಿರುಗಿ ಎದ್ದು ನಿಲ್ಲಬಹುದು. 2008ರಲ್ಲಿ ಶೇ 90ರಷ್ಟು ಬಿಳಿಯರಿರುವ ಅಯೋವಾದಲ್ಲಿ ಬರಾಕ್ ಒಬಾಮ ಗೆದ್ದದ್ದು ಈ ಪದ್ಧತಿಯಿಂದಲೇ. ಅಂದು ಬಂದವರು ಸುಮಾರು 2.4 ಲಕ್ಷ. ಅಂದು ಮೂರನೆಯವರಾದ ಕ್ಲಿಂಟನ್ ಆಮೇಲೆ, ರಾತ್ರಿ ಪಾಳಿಯವರೂ ಸೈನಿಕರೂ ಇದರಲ್ಲಿ ಭಾಗವಹಿಸಲಾಗುವುದಿಲ್ಲ ಎಂದು ದೂರಿದರು. ಸೋತವರ ಮಾತು ಎಂದು ತಳ್ಳಿಹಾಕುವುದು ಸುಲಭ, ಆದರೆ ಮಾತು ನಿಜ. ಪುಟ್ಟ ಮಕ್ಕಳ ತಾಯಿ, ಆಸ್ಪತ್ರೆಯ ದಾದಿ, ಎರಡು ಗಂಟೆ ನಿಲ್ಲಲಾಗದ ವೃದ್ಧರು, ಮಾಲೀಕನ ಕಣ್ಣೆದುರು ಬೇರೆ ಮೂಲೆಗೆ ಹೋಗಲು ಹೆದರುವ ಕೆಲಸಗಾರ, ಇವರ ಅಭಿಪ್ರಾಯ ಕೋಣೆಯೊಳಗೆ ಬರುವುದೇ ಇಲ್ಲ.

ಇದಕ್ಕೆ 2016ರ ವಾಷಿಂಗ್ಟನ್ ರಾಜ್ಯಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ. ಮಾರ್ಚ್‌ನಲ್ಲಿ ಅಲ್ಲಿನ ಡೆಮಾಕ್ರಟಿಕ್ ಕಾಕಸ್‌ಗೆ ಸುಮಾರು 2.3 ಲಕ್ಷ ಜನ ಬಂದರು, ಸ್ಯಾಂಡರ್ಸ್‌ಗೆ ಶೇ 73ರಷ್ಟು ಬೆಂಬಲ. ಅದೇ ರಾಜ್ಯದಲ್ಲಿ ಮೇ ತಿಂಗಳಲ್ಲಿ, ಪ್ರತಿನಿಧಿಗಳ ಹಂಚಿಕೆಗೆ ಲೆಕ್ಕಕ್ಕೇ ಬಾರದ ಪ್ರೈಮರಿ ನಡೆಯಿತು. ಸುಮಾರು 8 ಲಕ್ಷ ಜನ ಮತ ಹಾಕಿದರು, ಕ್ಲಿಂಟನ್ ಗೆದ್ದರು. ನೆಬ್ರಾಸ್ಕದಲ್ಲೂ ಹೀಗೆಯೇ, ಕಾಕಸ್ ಸ್ಯಾಂಡರ್ಸ್‌ಗೆ, ಪ್ರೈಮರಿ ಕ್ಲಿಂಟನ್‌ಗೆ. ಎರಡು ತಿಂಗಳಲ್ಲಿ ಜನರ ಮನಸ್ಸು ಇಷ್ಟು ಹೊರಳಿತು ಎನ್ನುವುದಕ್ಕಿಂತ, ಕೇಳಿದ ಬಗೆ ಬದಲಾದಾಗ ಉತ್ತರ ಕೊಟ್ಟವರೇ ಬೇರೆಯಾದರು ಎನ್ನುವುದು ಹೆಚ್ಚು ಸರಿ. ಈ ಎರಡೂ ರಾಜ್ಯಗಳು 2020ಕ್ಕೆ ಪ್ರೈಮರಿಗೆ ಬಂದವು. ಕೊಲೊರಾಡೊ, ಮಿನ್ನೆಸೋಟ, ಮೇನ್ ಕೂಡ.

ಹೊರಗುಳಿದವರನ್ನು ಒಳಗೆ ತರಲು ಅಯೋವಾದಲ್ಲಿ ಏನೂ ಮಾಡಲಿಲ್ಲ ಎಂದರೆ ತಪ್ಪಾಗುತ್ತದೆ. ಫೋನ್ ಯೋಜನೆ ಬಿದ್ದುಹೋದ ಮೇಲೆ 80ಕ್ಕೂ ಹೆಚ್ಚು ಉಪಕೇಂದ್ರಗಳನ್ನು ತೆರೆದರು. ಪ್ಯಾರಿಸ್, ಗ್ಲಾಸ್ಗೊ, ಜಾರ್ಜಿಯಾ ದೇಶದ ಟಿಬಿಲಿಸಿಯಲ್ಲೂ ಒಂದೊಂದು. ಅಂದು ರಾಜ್ಯದೊಳಗೆ ಮೊದಲು ನಡೆದ ಕಾಕಸ್ ಆಟಮ್ವಾ ಎಂಬ ಊರಿನ ಕಾರ್ಮಿಕ ಭವನದಲ್ಲಿ, ಮಧ್ಯಾಹ್ನ 12ಕ್ಕೆ. ಸೇರಿದವರು 15 ಜನ, ಮಾಂಸ ಸಂಸ್ಕರಣಾ ಘಟಕದಲ್ಲಿ ಸಂಜೆಯ ಪಾಳಿ ಇದ್ದ ಕಾರ್ಮಿಕರು, ಹೆಚ್ಚಿನವರು ಇಥಿಯೋಪಿಯಾದಿಂದ ಬಂದವರು. 14 ಜನ ಸ್ಯಾಂಡರ್ಸ್ ಕಡೆ ನಿಂತರು, ಒಬ್ಬರು ಎಲಿಜಬೆತ್ ವಾರೆನ್ ಕಡೆ. ಸಂಜೆ 7ರ ನಿಯಮವೊಂದೇ ಇದ್ದಿದ್ದರೆ ಈ ಹದಿನೈದೂ ಶೂನ್ಯ. ಇಡೀ ಪ್ರಕರಣದಲ್ಲಿ ನನಗೆ ಮೆಚ್ಚುಗೆಯಾದ ಭಾಗ ಇದು. ಮೂರು ದಿನದ ಗದ್ದಲದಲ್ಲಿ ಹೆಚ್ಚು ಜನ ಗಮನಿಸದೆ ಹೋದ ಭಾಗವೂ ಇದೇ.

ಆ ವರ್ಷ ಬಂದವರು ಸುಮಾರು 1.76 ಲಕ್ಷ, 2008ಕ್ಕಿಂತ ಬಹಳ ಕಡಿಮೆ. ಬಂದವರಲ್ಲಿ ಬಹುಪಾಲು ಜನರ ಬೂತ್‌ಗಳಲ್ಲಿ ಎಲ್ಲವೂ ಸರಾಗವಾಗಿಯೇ ನಡೆದಿತ್ತು. ಕೋಣೆಯಲ್ಲಿ ತಾವು ಕಣ್ಣಾರೆ ಕಂಡ ಎಣಿಕೆಯ ಮೇಲೆ ಅವರಿಗೆ ಅನುಮಾನವಿರಲಿಲ್ಲ, ಅದು ರಾಜಧಾನಿಗೆ ತಲುಪಿದ ಮೇಲೆ ಏನಾಯಿತು ಎಂಬುದರ ಮೇಲಿತ್ತು. ಎಲ್ಲೋ ಯಾರೋ ಬೇಕೆಂದೇ ತಡೆಹಿಡಿದಿದ್ದಾರೆ ಎಂಬ ವದಂತಿ ಆ ಮೂರು ದಿನ ಹಬ್ಬಿತು. ಪುರಾವೆ ಯಾವುದೂ ಸಿಗಲಿಲ್ಲ. ಮೌನವಾಗಿದ್ದ ಕಚೇರಿಯೊಂದು ವದಂತಿಗೆ ಸಾಕಾಗಿತ್ತು.

ನಂತರ

ಮೂರೇ ವಾರಗಳಲ್ಲಿ ಕಾಕಸ್ ನಡೆಸಬೇಕಿದ್ದ ನೆವಾಡ ಆ ಆ್ಯಪನ್ನು ಕೈಬಿಟ್ಟಿತು. 2023ರ ಫೆಬ್ರುವರಿಯಲ್ಲಿ ಡೆಮಾಕ್ರಟಿಕ್ ರಾಷ್ಟ್ರೀಯ ಸಮಿತಿ ಸೌತ್ ಕ್ಯಾರೊಲಿನಾಕ್ಕೆ ಮೊದಲ ಸ್ಥಾನ ಕೊಟ್ಟು ಅಯೋವಾವನ್ನು ಆರಂಭದ ಪಟ್ಟಿಯಿಂದ ತೆಗೆಯಿತು. ಆ್ಯಪ್ ಕಾರಣ ಎಂದು ಜನ ಹೇಳುತ್ತಾರೆ. ಕಪ್ಪು ಮತದಾರರು ಬೆರಳೆಣಿಕೆಯಷ್ಟಿರುವ ರಾಜ್ಯಕ್ಕೆ ಮೊದಲ ಮಾತು ಏಕೆ ಎಂಬ ಹಳೆಯ ಪ್ರಶ್ನೆಯೂ ಸೌತ್ ಕ್ಯಾರೊಲಿನಾದಿಂದಲೇ ಚೇತರಿಸಿಕೊಂಡಿದ್ದ ಬೈಡನ್ ಅವರ ಋಣವೂ ಅದರಲ್ಲಿ ಸೇರಿದ್ದವು. 2024ರಲ್ಲಿ ಅಯೋವಾದ ಡೆಮಾಕ್ರಟರು ಅಂಚೆಯಲ್ಲಿ ಆಯ್ಕೆ ಕಾರ್ಡು ತರಿಸಿಕೊಂಡು, ಫಲಿತಾಂಶವನ್ನು ಮಾರ್ಚ್ 5ರಂದು, ಬೇರೆ ಹತ್ತಾರು ರಾಜ್ಯಗಳ ಜೊತೆಗೆ ಪ್ರಕಟಿಸಿದರು. ಮೂಲೆಗಳೂ ಇಲ್ಲ, ಎರಡನೆಯ ಸುತ್ತೂ ಇಲ್ಲ.

ರಿಪಬ್ಲಿಕನ್ನರು ಮಾತ್ರ ಕಾಕಸ್ ಉಳಿಸಿಕೊಂಡರು. 2024ರ ಜನವರಿ 15ರ ಕೊರೆಯುವ ಚಳಿಯಲ್ಲಿ ಸುಮಾರು 1.1 ಲಕ್ಷ ಜನ ಸೇರಿ ಚೀಟಿ ಬರೆದರು. ಸಭೆ ಆರಂಭವಾಗಿ ಅರ್ಧ ಗಂಟೆಯಾಗುತ್ತಲೇ ಡೊನಾಲ್ಡ್ ಟ್ರಂಪ್ ಗೆದ್ದರೆಂದು ಅಸೋಸಿಯೇಟೆಡ್ ಪ್ರೆಸ್ ಘೋಷಿಸಿತು. ಎಷ್ಟೋ ಕೋಣೆಗಳಲ್ಲಿ ಭಾಷಣಗಳು ಇನ್ನೂ ನಡೆದಿದ್ದವು, ಚೀಟಿಯನ್ನೇ ಹಂಚಿರಲಿಲ್ಲ. ಕೂತಲ್ಲೇ ಮೊಬೈಲ್‌ನಲ್ಲಿ ಫಲಿತಾಂಶ ಓದಿದ ಮೇಲೆ ಮತ ಹಾಕುವುದು ಯಾವ ಸೀಮೆಯ ನ್ಯಾಯ ಎಂದು ಟ್ರಂಪ್ ಎದುರಾಳಿ ರಾನ್ ಡಿಸ್ಯಾಂಟಿಸ್ ಕಡೆಯವರು ಜಗಳ ತೆಗೆದರು.